ನೀರುನಾಯಿ ಮಾಸ್ತರರಿಗೆ, ಏಳುನೂರ ಮೂವತ್ತೊಂಬತ್ತು ಮೀನುಗಳ ಪರವಾಗಿ

ಸೆಸೆರಗಿ ಇಂಗ್ಲಿಷ್ ಕಲಿಕೆ ಆ್ಯಪಿನ ಮುಖ್ಯೋಪಾಧ್ಯಾಯರೂ, ಹಳದಿ ಟೋಪಿ ಧರಿಸಿದವರೂ, ಬಲಗೈಯಲ್ಲಿ ಸದಾ ಸೀಮೆಸುಣ್ಣ ಹಿಡಿದವರೂ ಆದ ಶ್ರೀಮಾನ್ ನೀರುನಾಯಿ ಮಾಸ್ತರರ ಸನ್ನಿಧಿಗೆ, ಸಬಾಯೆ ಪಟ್ಟಣದಿಂದ.

ಮಾನ್ಯರೇ,

ಈ ಸಲದ ಹಿಮ ನಮ್ಮ ಮಾಡಿನ ಅಂಚು ಮುಟ್ಟಿದೆ, ಹಿನೊ ನದಿಯ ದಡದಲ್ಲಿ ನೀರು ಗಾಜಿನಂತೆ ಗಟ್ಟಿಯಾಗಿದೆ. ಇಂಥ ಚಳಿಯಲ್ಲೂ ತಮ್ಮ ತುಪ್ಪಳ ಬೆಚ್ಚಗಿದೆಯೆಂದೂ, ತಮ್ಮ ಮೀಸೆಯ ತುದಿಗೆ ಮಂಜು ಹತ್ತಿಲ್ಲವೆಂದೂ, ತಮಗೆ ಹೊತ್ತುಹೊತ್ತಿಗೆ ಮೀನು ಸಿಗುತ್ತಿದೆಯೆಂದೂ ನಂಬಿಕೊಂಡು, ಎರಡೂ ಕೈ ನೆಲಕ್ಕೂರಿ ವಂದಿಸಿ, ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಹೆಸರು ತಕೆಬೆ ಇಸಾವೊ, ವಯಸ್ಸು ಅರವತ್ತೇಳು. ಕನ್ನಡಕದ ಚೌಕಟ್ಟುಗಳನ್ನು ಉಜ್ಜಿ ಹೊಳಪು ಕೊಡುವುದು ನನ್ನ ಕಸುಬು. ಹದಿನೈದಕ್ಕೆ ಶಾಲೆ ಬಿಟ್ಟವನು, ದಿನಕ್ಕೆ ಮೂರು ಸಾಲಿನ ದಿನಚರಿ ಬಿಟ್ಟರೆ ಬೇರೇನೂ ಬರೆದವನಲ್ಲ. ಇಷ್ಟುದ್ದದ ಪತ್ರ ಬರೆಯಬೇಕಾಗಿ ಬಂದದ್ದಕ್ಕೂ ಅದನ್ನು ಬಹಿರಂಗ ಮಾಡಬೇಕಾಗಿ ಬಂದದ್ದಕ್ಕೂ ತಾವು ಕ್ಷಮಿಸಬೇಕು. ತಮ್ಮ ಆ್ಯಪಿನೊಳಗೆ ‘ಮಾಸ್ತರರಿಗೆ ಹೇಳಿ’ ಎಂಬ ಪೆಟ್ಟಿಗೆ ಇದೆಯಷ್ಟೆ, ಅದರಲ್ಲಿ ನಾನು ಮೂರು ಸಲ ನನ್ನ ದೂರನ್ನು ಬರೆದು ಹಾಕಿದೆ, ಮೂರು ಸಲವೂ ತಾವು ಚಪ್ಪಾಳೆ ತಟ್ಟುತ್ತ ಕುಣಿಯುವ ಚಿತ್ರವನ್ನೇ ಉತ್ತರವಾಗಿ ಕಳಿಸಿದಿರಿ. ಅದು ತಮ್ಮ ದೊಡ್ಡ ಮನಸ್ಸು. ಆದರೆ ವಿಷಯ ಮುಂದೆ ಹೋಗಲಿಲ್ಲವಾದ್ದರಿಂದ ಈ ಪತ್ರವನ್ನೇ ಮೊದಲು ನಮ್ಮ ಓಣಿಯ ಸುತ್ತೋಲೆ ಹಲಗೆಗೆ ಸಿಕ್ಕಿಸಿದ್ದೇನೆ. ಅದು ಮನೆಯಿಂದ ಮನೆಗೆ ಹೋಗುತ್ತದೆ, ಓದಿದವರು ತಮ್ಮ ಮುದ್ರೆ ಒತ್ತಿ ಪಕ್ಕದ ಮನೆಗೆ ದಾಟಿಸುತ್ತಾರೆ. ತಮ್ಮ ಕೈ ಸೇರುವಾಗ ಕೆಳಗೆ ಹತ್ತೊಂಬತ್ತು ಮನೆಗಳ ಕೆಂಪು ಮುದ್ರೆ ಕಂಡರೆ ಗಾಬರಿಯಾಗಬೇಡಿ. ಅವರು ನನ್ನ ಬೆಂಬಲಕ್ಕೆ ನಿಂತವರೇನಲ್ಲ, ಕಸ ಎತ್ತುವ ದಿನ ಬದಲಾದ ಸುದ್ದಿಯ ಹಿಂದೆಯೇ ಇದೂ ಬಂತಲ್ಲ ಎಂದು ಓದಿದವರು.

ದೂರು ಇಷ್ಟೇ. ಜನವರಿ ಮೂವತ್ತನೆಯ ತಾರೀಕು ತಮ್ಮ ಸಹಿಯುಳ್ಳ ಕಾಗದವೊಂದು ನಮ್ಮ ಮನೆಗೆ ಬಂತು. ನನ್ನ ಹೆಂಡತಿ ತಕೆಬೆ ಕಿನುಯೊಳ ಹೆಸರಿನಲ್ಲಿರುವ ಖಾತೆಯನ್ನು ಬೇರೊಬ್ಬರು ಬಳಸಿರುವುದು ಪತ್ತೆಯಾಗಿರುವುದರಿಂದ ಫೆಬ್ರವರಿ ಕೊನೆಯ ದಿನ ಆ ಖಾತೆಯನ್ನು ಮುಚ್ಚಲಾಗುವುದು, ಅದರಲ್ಲಿರುವ ಮೀನುಗಳನ್ನೆಲ್ಲ ನದಿಗೆ ಬಿಡಲಾಗುವುದು ಎಂದು ಅದರಲ್ಲಿತ್ತು. ಆ ಬೇರೊಬ್ಬ ನಾನೇ. ತಪ್ಪಿಸಿಕೊಳ್ಳುವುದಿಲ್ಲ. ಮೀನುಗಳು ಇವತ್ತಿಗೆ ಏಳುನೂರ ಮೂವತ್ತೊಂಬತ್ತು. ಅವುಗಳನ್ನು ಬಿಡಬೇಡಿ ಎಂದು ಕೇಳುವುದಕ್ಕೇ ಈ ಪತ್ರ.

ತಮ್ಮ ಆ್ಯಪನ್ನು ಕಂಡಿರದ ಓಣಿಯವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಒಂದು ದಿನದ ಪಾಠ ಮುಗಿಸಿದರೆ ಮಾಸ್ತರರು ನದಿಯಿಂದ ಮೀನೊಂದನ್ನು ಹಿಡಿದು ತಂದು ದಡದಲ್ಲಿ ಇಡುತ್ತಾರೆ, ಮರುದಿನದ ಮೀನು ಅದರ ಪಕ್ಕದಲ್ಲಿ, ಹೀಗೆ ಸಾಲು ಬೆಳೆಯುತ್ತದೆ. ಒಂದೇ ಒಂದು ದಿನ ತಪ್ಪಿದರೂ ಮೀನುಗಳೆಲ್ಲ ಚಿಮ್ಮಿ ನೀರಿಗೆ ಹಾರಿಬಿಡುತ್ತವೆ, ಮಾಸ್ತರರು ಟೋಪಿ ತೆಗೆದು ಅಳುತ್ತಾರೆ. ಸತ್ತ ಮೀನು ಹೇಗೆ ಹಾರುತ್ತದೆ ಎಂದು ಕಿನುಯೊ ಒಮ್ಮೆ ಕೇಳಿದ್ದಳು. ಆ ಪ್ರಶ್ನೆಯನ್ನೂ ತಮ್ಮ ಪೆಟ್ಟಿಗೆಗೆ ಹಾಕಿದ್ದೆವು, ಅದಕ್ಕೂ ಚಪ್ಪಾಳೆ ಬಂತು.

ಕಿನುಯೊ ತಮ್ಮ ಶಿಷ್ಯೆಯಾದದ್ದು ಒಬ್ಬ ಅತಿಥಿಯ ಕಾರಣದಿಂದ. ಊರಿನ ಕಾರ್ಖಾನೆಗಳ ಬಾಗಿಲು ತೆರೆದು ಹೊರಗಿನವರಿಗೆ ಕೆಲಸ ತೋರಿಸುವ ಹಬ್ಬದ ದಿನ ಪರದೇಶದ ಒಬ್ಬರು ನಮ್ಮ ಕೆಲಸದ ಕೋಣೆಗೆ ಬಂದರು, ಬಹಳ ಗೌರವದಿಂದ ಏನನ್ನೋ ಕೇಳಿದರು. ಕಿನುಯೊ ಒಂದು ಲೋಟ ಚಹಾ ಕೊಟ್ಟಳು. ಅವರು ಕುಡಿದು ಮತ್ತೆ ಅದನ್ನೇ ಕೇಳಿದರು. ಇವಳು ಮತ್ತೆ ಚಹಾ ಕೊಟ್ಟಳು. ಹೀಗೆ ಏಳು ಲೋಟವಾಯಿತು, ಪ್ರತಿ ಸಲವೂ ಅವರ ಮುಖ ಇನ್ನಷ್ಟು ಕೆಂಪಾಗುತ್ತಿತ್ತು, ಪ್ರತಿ ಸಲವೂ ಇವಳು ಪಾಪ ಎಷ್ಟು ಬಾಯಾರಿದೆಯೋ ಎಂದು ಲೋಟವನ್ನು ಇನ್ನಷ್ಟು ತುಂಬಿಸುತ್ತಿದ್ದಳು. ಕೊನೆಗೆ ಅವರು ತಲೆಬಾಗಿ ವಂದಿಸಿ ಓಡಿದರು. ಎದುರಿನ ಬೀದಿಯ ಸೋಬಾ ಶ್ಯಾವಿಗೆಯ ಅಂಗಡಿಯ ಶೌಚಾಲಯದ ಬಾಗಿಲನ್ನು ಅವರು ಹೇಗೆ ತೆರೆದರೆಂಬುದನ್ನು ಆ ಅಂಗಡಿಯವರು ಇವತ್ತಿಗೂ ಅಭಿನಯಿಸಿ ತೋರಿಸುತ್ತಾರೆ. ಆ ಸಂಜೆಯೇ ಕಿನುಯೊ ತಮ್ಮನ್ನು ಮೊಬೈಲಿಗೆ ಇಳಿಸಿಕೊಂಡಳು. “ಇನ್ನೊಬ್ಬರು ಬರೋದ್ರೊಳಗೆ ನಾನು ಕಲೀಬೇಕು ಕಣ್ರೀ, ಇಲ್ಲಾಂದ್ರೆ ಯಾರಾದ್ರೂ ಸಾಯ್ತಾರೆ,” ಎಂದಳು.

ಕಲಿತಳು. ಒಂದು ದಿನವೂ ತಪ್ಪಿಸಲಿಲ್ಲ. ಹೊಸ ವರ್ಷದ ಅಕ್ಕಿಮುದ್ದೆ ಬೇಯುವಾಗ ಒಲೆಯ ಮುಂದೆ, ಹಿಮ ಎತ್ತುವಾಗ ಸಲಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೋದ ಫೆಬ್ರವರಿಯಲ್ಲಿ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ. ಅಲ್ಲಿ ಮೂರು ವಾರ ಇದ್ದಳು. ಕೊನೆಯ ಒಂಬತ್ತು ದಿನ ಬೆರಳು ಎತ್ತಲಾಗಲಿಲ್ಲವಾದ್ದರಿಂದ ಅವಳು ಕಣ್ಣಿನಲ್ಲಿ ತೋರಿಸಿದ ಉತ್ತರವನ್ನು ನಾನು ಒತ್ತುತ್ತಿದ್ದೆ. “ನನ್ನ ಬದ್ಲು ನೀವು ಒತ್ತಿ. ಸಾಲು ತುಂಡಾಗೋದು ಬೇಡ,” ಎಂದಿದ್ದಳು. ಇಪ್ಪತ್ತನಾಲ್ಕನೆಯ ತಾರೀಕು ಬೆಳಿಗ್ಗೆ ಮುನ್ನೂರ ಎಂಬತ್ತೆಂಟನೆಯ ಮೀನು ದಡಕ್ಕೆ ಬಂತು. ಆ ಮಧ್ಯಾಹ್ನ ಅವಳು ತೀರಿಕೊಂಡಳು. ದಿನಚರಿಯಲ್ಲಿ ಅವತ್ತು ಒಂದೇ ಸಾಲು ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನದ ಸಂಜೆ ಶವದ ಮುಂದೆ ಜಾಗರಣೆಗೆ ಕೂತಿದ್ದೆವು. ಬೌದ್ಧ ಗುಡಿಯ ಗುರುಗಳು ಸೂತ್ರ ಪಠಿಸುತ್ತಿದ್ದರು, ನಲವತ್ತು ಜನ ಮಂಡಿಯೂರಿ ತಲೆ ತಗ್ಗಿಸಿದ್ದರು. ಆಗ, ಮಾನ್ಯರೇ, ತಾವು ನನ್ನ ಅಂಗಿಯ ಜೇಬಿನಲ್ಲಿದ್ದ ಅವಳ ಮೊಬೈಲಿನೊಳಗಿಂದ ಕೂಗಿದಿರಿ. “ಕಿನುಯೊ-ಸಾನ್, ಇವತ್ತು ಮೀನು ಎಲ್ಲಿ? ನನ್ ಹೊಟ್ಟೆ ಚುರ್ ಅಂತಿದೆ!” ತಮ್ಮ ಕಂಠ ಎಷ್ಟು ಸ್ಪಷ್ಟವಾಗಿದೆಯೆಂದರೆ ಕಿವಿ ಮಂದವಾಗಿರುವ ನನ್ನ ಚಿಕ್ಕಪ್ಪನೂ ತಲೆಯೆತ್ತಿ ಯಾರಿಗೆ ಊಟ ಬಡಿಸಿಲ್ಲ ಎಂದು ವಿಚಾರಿಸಿದರು. ಗುರುಗಳು ನಿಲ್ಲಿಸಲಿಲ್ಲ, ಆದರೆ ಸೂತ್ರದ ವೇಗ ಸ್ವಲ್ಪ ಹೆಚ್ಚಿತು. ನಾನು ತಮ್ಮ ಬಾಯಿ ಮುಚ್ಚಿಸಲು ಕೈಗೆ ಸಿಕ್ಕಿದ ಗುಂಡಿ ಒತ್ತಿದೆ, ತಾವು ಸುಮ್ಮನಾಗುವ ಬದಲು ಪಾಠವನ್ನೇ ತೆರೆದುಬಿಟ್ಟಿರಿ.

ಅವತ್ತಿನ ಪಾಠ ‘ಆನ್ ಬಿಹಾಫ್ ಆಫ್’. ಇನ್ನೊಬ್ಬರ ಪರವಾಗಿ ಎಂದು ಅರ್ಥ, ಯಾವ ಸಂದರ್ಭದಲ್ಲಿ ಬಳಸುತ್ತಾರೆಂಬುದನ್ನು ಉದಾಹರಣೆಯಿಂದ ಕಲಿಯಿರಿ ಎಂದು ತಾವು ಕಪ್ಪುಹಲಗೆಯ ಮೇಲೆ ಬರೆದಿರಿ. ಉದಾಹರಣೆ ಹೀಗಿತ್ತು: ವಿಮಾನ ಸಂಸ್ಥೆಯ ಪರವಾಗಿ, ಆಗಿರುವ ವಿಳಂಬಕ್ಕೆ ನಾನು ಕ್ಷಮೆ ಕೋರುತ್ತೇನೆ. ನಾನು ತೊಡೆಯ ಮರೆಯಲ್ಲಿ ಮೊಬೈಲ್ ಇಟ್ಟುಕೊಂಡು, ಅವಳ ಸಾಲು ತುಂಡಾಗಬಾರದೆಂಬ ಒಂದೇ ಕಾರಣಕ್ಕೆ, ಹತ್ತು ಪ್ರಶ್ನೆಗಳಿಗೂ ಉತ್ತರ ಒತ್ತಿದೆ. ನಾಲ್ಕು ಸರಿ, ಆರು ತಪ್ಪು. ಮುನ್ನೂರ ಎಂಬತ್ತೊಂಬತ್ತನೆಯ ಮೀನು ಬಂತು. ಸೂತ್ರವೂ ಮುಗಿಯಿತು.

ಮಾನ್ಯರೇ, ತಾವು ನದಿಯವರು, ತಮ್ಮ ಕಂಪನಿ ಮಹಾನಗರದ್ದು. ಸಾವಿನ ಮನೆಯ ಬಾಗಿಲಲ್ಲಿ ಹಾಜರಿ ಪುಸ್ತಕ ಇಡುವ ನಮ್ಮ ಪದ್ಧತಿ ತಮಗೆ ತಿಳಿಯದಿರಬಹುದು. ಬರಬೇಕಾದವರಿಗೆ ಬರಲಾಗದಿದ್ದರೆ ಅವರ ಕಡೆಯಿಂದ ಇನ್ನೊಬ್ಬರು ಬರುತ್ತಾರೆ. ಬಂದವರು ತಮ್ಮ ಹೆಸರು ಬರೆಯುವುದಿಲ್ಲ. ಬರಲಾರದವರ ಹೆಸರು ಬರೆದು, ಅದರ ಕೆಳಗೆ ಎಡಗಡೆಗೆ ಸಾಸಿವೆಯಷ್ಟು ಸಣ್ಣದಾಗಿ ‘ದಾಯ್’ ಎಂಬ ಒಂದೇ ಅಕ್ಷರ ಹಾಕುತ್ತಾರೆ. ಬದಲಿಗೆ ಬಂದವನು ಎಂದು ಅದರರ್ಥ. ಆ ಅಕ್ಷರವಿದ್ದರೆ ಸಾಕು, ಬರಲಾರದವರು ಬಂದಂತೆಯೇ ಲೆಕ್ಕ. ಕಿನುಯೊಳ ಪುಸ್ತಕದಲ್ಲಿ ಅಂಥವರು ಇಪ್ಪತ್ಮೂರು ಮಂದಿ ಇದ್ದರು. ಆ ರಾತ್ರಿಯ ಪುಟಗಳನ್ನು ಮರುದಿನ ತಿರುವಿಹಾಕುವಾಗ ನನಗೆ ತಮ್ಮ ಪಾಠ ಅರ್ಥವಾಯಿತು. ತಾವು ವಿಮಾನ ನಿಲ್ದಾಣದಿಂದ ಕಲಿಸಲು ಹೊರಟದ್ದು ನಮ್ಮ ಮನೆಯ ಹೊಸಿಲಲ್ಲಿ ಇಪ್ಪತ್ಮೂರು ಸಲ ಬರೆದಿಟ್ಟಿತ್ತು.

ತಮ್ಮ ಉದಾಹರಣೆಗಳ ಬಗ್ಗೆ ಎರಡು ಮೆಚ್ಚುಗೆಯ ಮಾತು ಹೇಳದಿದ್ದರೆ ನಾನು ಕೃತಘ್ನನಾಗುತ್ತೇನೆ. ಮುಂದಿನ ಪಾಠಗಳಲ್ಲಿ ಹೋಟೆಲಿನ ಆಡಳಿತದ ಪರವಾಗಿ ಸ್ವಾಗತ ಕೋರಿದಿರಿ, ನೀರೆತ್ತುವ ಪಂಪಿನ ಕಂಪನಿಯ ಅಧ್ಯಕ್ಷರ ಪರವಾಗಿ ಬಹುಮಾನ ಸ್ವೀಕರಿಸಿದಿರಿ, ಷೇರುದಾರರ ಪರವಾಗಿ ಚಿಂತೆ ವ್ಯಕ್ತಪಡಿಸಿದಿರಿ. ಎಂಥ ಸ್ವಚ್ಛವಾದ ಲೋಕ! ತಮ್ಮ ವಾಕ್ಯಗಳಲ್ಲಿ ಯಾರೂ ಯಾರ ಪರವಾಗಿಯೂ ಚರಂಡಿ ತೊಳೆಯುವುದಿಲ್ಲ, ಯಾರ ಪಾಲಿನ ತಿಂಡಿಯನ್ನೂ ತಿನ್ನುವುದಿಲ್ಲ, ಯಾರೂ ಯಾರಿಗಾಗಿಯೂ ಸ್ನಾನಕ್ಕೆ ಹೋಗುವುದಿಲ್ಲ. ನಾನು ಮಂದಬುದ್ಧಿಯವನು, ಪಂಪಿನ ಅಧ್ಯಕ್ಷರ ಪರಿಚಯವಿಲ್ಲದವನು. ಆದ್ದರಿಂದ ಸಂದರ್ಭಗಳನ್ನು ನಾನೇ ಹುಡುಕಿಕೊಳ್ಳಬೇಕಾಯಿತು.

ಏಪ್ರಿಲಿನಲ್ಲಿ ಓಣಿಯ ಚರಂಡಿ ತೊಳೆಯುವ ಭಾನುವಾರ ನಮ್ಮ ಮನೆಯಿಂದ ಇಬ್ಬರು ಹೋಗುವುದು ವಾಡಿಕೆ. ನಾನು ಬೆಳಿಗ್ಗೆ ನನ್ನ ಪಾಲಿನ ಉದ್ದ ತೊಳೆದು, ಮನೆಗೆ ಹೋಗಿ ಕಿನುಯೊಳ ಹೂವಿನ ಚಿತ್ತಾರದ ರಬ್ಬರ್ ಬೂಟು ಹಾಕಿಕೊಂಡು ಬಂದು, ಅವಳ ಪರವಾಗಿ ಇನ್ನೊಂದಷ್ಟು ತೊಳೆದೆ. ಬೂಟು ಎರಡು ಅಳತೆ ಚಿಕ್ಕದು. ನಡೆದದ್ದು ಬಾತುಕೋಳಿಯಂತೆ. ಯಾರೂ ನಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಚಳಿಗಾಲದಲ್ಲಿ, ಅಡಿಯಲ್ಲಿ ಶಾಖವಿರುವ ಒಲೆಮೇಜಿನ ಹೊದಿಕೆಯೊಳಗೆ ಕಾಲಿಟ್ಟು ತಣ್ಣನೆಯ ಹುರುಳಿ ಹಲ್ವ ತಿನ್ನುವುದು ನಮ್ಮ ಕಡೆಯ ಹುಚ್ಚು; ಒಂದು ಪೆಟ್ಟಿಗೆಯಲ್ಲಿ ಅರ್ಧ ಅವಳಿಗೆ, ಅರ್ಧ ನನಗೆ. ಈ ಸಲ ಅವಳ ಅರ್ಧವನ್ನು ಹಿರಿಯರ ಗೂಡಿನ ಮುಂದೆ ಎಡೆಯಿಟ್ಟು, ಒಂದು ಗಂಟೆ ಕಾದು, ಅವಳ ಪರವಾಗಿ ತಿಂದೆ. ವೈದ್ಯರು ನನ್ನ ಸಕ್ಕರೆ ಏರಿದೆ ಎಂದರು. ನನ್ನದಲ್ಲ, ನನ್ನ ಹೆಂಡತಿಯದು ಎಂದು ಹೇಳಿ ನೋಡಿದೆ.

ಅಕ್ಟೋಬರಿನಲ್ಲಿ ಮಹಿಳಾ ಸಂಘದವರ ಬಿಸಿನೀರಿನ ಬುಗ್ಗೆಯ ಪ್ರವಾಸ ಬಂತು. ಹತ್ತೊಂಬತ್ತು ಹೆಂಗಸರಿಗೆಂದು ವರ್ಷದ ಹಿಂದೆಯೇ ಗೊತ್ತುಮಾಡಿದ್ದ ಬಸ್ಸು, ಕಿನುಯೊಳ ಆಸನ ಎಡಗಡೆಯ ನಾಲ್ಕನೆಯದು. ಸಂಘದ ಅಧ್ಯಕ್ಷೆ ಉಮೆದಾ ಹರುಯೆ ಮನೆಗೇ ಬಂದು ಖಾಲಿ ಆಸನ ಇಟ್ಟುಕೊಂಡು ಹೋದರೆ ಇಡೀ ಬಸ್ಸು ಅದನ್ನೇ ನೋಡುತ್ತ ಕೂರುತ್ತದೆ, ನೀವು ಬಂದು ಕೂತರೆ ನಿಮ್ಮನ್ನು ನೋಡುತ್ತ ನಗಬಹುದು ಎಂದರು. ಹೋದೆ. ನಡುಗೋಡೆಯಾಚೆ ಹದಿನೆಂಟು ಹೆಂಗಸರು ಬಿಸಿನೀರಿನಲ್ಲಿ ಕೂತು ಗಹಗಹಿಸುತ್ತಿದ್ದರು, ಈಚೆ ಗಂಡಸರ ಕೊಳದಲ್ಲಿ ಕಿನುಯೊಳ ಪರವಾಗಿ ನಾನೊಬ್ಬನೇ ಕತ್ತಿನವರೆಗೆ ಮುಳುಗಿ ಕೂತಿದ್ದೆ. ಉಮೆದಾ ಗೋಡೆಯ ಮೇಲಿಂದ ಕೇಳುವಂತೆ ಕೂಗಿದರು. “ತಕೆಬೆಯವ್ರೇ, ಕಿನುಯೊ ಆಗಿದ್ರೆ ಇಷ್ಟೊತ್ತಿಗೆ ನಾಲ್ಕು ಜನರ ಚಾಡಿ ಹೇಳಿರ್ತಿದ್ಳು. ಬದಲಿಗೆ ಬಂದು ಸುಮ್ನೆ ಕೂತ್ರೆ ಹೆಂಗೆ?” ನಾನು ಜನ್ಮದಲ್ಲಿ ಚಾಡಿ ಹೇಳಿದವನಲ್ಲ. ಬಹಳ ಹೊತ್ತು ಯೋಚಿಸಿ, ಅಕ್ಕಿ ಅಂಗಡಿಯವನು ಹುಬ್ಬಿಗೆ ಬಣ್ಣ ಹಚ್ಚುತ್ತಾನಂತೆ ಎಂದು ಕೂಗಿ ಹೇಳಿದೆ. ಆ ಕಡೆಯಿಂದ ಉಮೆದಾ ಅವರ ದನಿ ಬಂತು. “ಅವ್ನು ನನ್ ತಮ್ಮ.” ಅದರ ಹಿಂದೆಯೇ ಎದ್ದ ನಗು ಎಷ್ಟಿತ್ತೆಂದರೆ ನೀರು ತುಳುಕಿ ಗೋಡೆಯ ಬುಡದಿಂದ ನನ್ನ ಕಡೆಗೆ ಹರಿದು ಬಂತು.

ಹೀಗೆ ದಿನಕ್ಕೊಂದು ಪಾಠ, ದಿನಕ್ಕೊಂದು ಮೀನು. ತಾವೂ ನನಗೆ ಕಡಿಮೆ ಪ್ರೀತಿ ತೋರಿಸಿದಿರೆಂದು ಹೇಳಲಾರೆ. ಉಚ್ಚಾರಣೆಯ ಅಭ್ಯಾಸದಲ್ಲಿ ನನ್ನ ದನಿ ಕೇಳಿದ ಮೊದಲ ದಿನವೇ ಕಿನುಯೊ-ಸಾನ್, ನೆಗಡಿಯಾಗಿದೆಯೇ ಎಂದು ವಿಚಾರಿಸಿದಿರಿ. ಎರಡನೆಯ ದಿನ ಬಿಸಿನೀರು ಕುಡಿಯಲು ಹೇಳಿದಿರಿ. ಹತ್ತನೆಯ ದಿನ ವೈದ್ಯರನ್ನು ಕಾಣಲು ಸೂಚಿಸಿದಿರಿ. ಮೂರು ತಿಂಗಳಾದ ಮೇಲೆ ಕಿನುಯೊ-ಸಾನ್, ನಿಮ್ಮ ದನಿಗೆ ಈಗ ಒಂದು ಗಾಂಭೀರ್ಯ ಬಂದಿದೆ ಎಂದು ಹೊಗಳಿ ನಕ್ಷತ್ರ ಕೊಟ್ಟಿರಿ. ಅಷ್ಟು ದಿನ ನಮ್ಮ ಮನೆಯಲ್ಲಿ ಅವಳ ಹೆಸರು ಹಿಡಿದು ಕರೆದವರು ತಾವೊಬ್ಬರೇ. ಇದು ದೂರಲ್ಲ. ಇದನ್ನು ದೂರಿನ ಲೆಕ್ಕಕ್ಕೆ ಹಿಡಿಯಬೇಡಿ.

ಆರುನೂರು ಮೀನು ದಾಟಿದವರನ್ನು ಮೌಖಿಕ ಪರೀಕ್ಷೆಗೆ ಕರೆಯುವುದು ತಮ್ಮ ಕ್ರಮ. ನವೆಂಬರಿನಲ್ಲಿ ಪ್ರವೇಶಪತ್ರ ಬಂತು: ತಕೆಬೆ ಕಿನುಯೊ, ಡಿಸೆಂಬರಿನ ಎರಡನೆಯ ಭಾನುವಾರ, ಫುಕುಯಿ ನಗರದ ಇಂಥ ಕಟ್ಟಡ, ಆಸನ ಸಂಖ್ಯೆ ಹದಿನಾಲ್ಕು. ಕರೆದವರ ಮನೆಗೆ ಯಾರೂ ಹೋಗದಿರುವುದು ನಮ್ಮಲ್ಲಿ ಮರ್ಯಾದೆಯಲ್ಲ. ನನ್ನಲ್ಲಿರುವುದು ಒಂದೇ ಸೂಟು, ಕಪ್ಪು, ಶವಸಂಸ್ಕಾರದ್ದು. ಅದನ್ನೇ ಹಾಕಿಕೊಂಡು, ಬೂದುಬಣ್ಣದ ಟೈ ಕಟ್ಟಿ ರೈಲು ಹತ್ತಿದೆ. ಪರೀಕ್ಷೆಯ ಬಾಗಿಲಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಹಾಜರಿ ಪುಸ್ತಕ, ಹಿಂದೆ ನನ್ನ ವಯಸ್ಸಿನ ಒಬ್ಬ ಹೆಂಗಸು. ಕೈ ತಾನಾಗಿ ಬರೆಯಿತು. ತಕೆಬೆ ಕಿನುಯೊ, ಕೆಳಗೆ ಎಡಗಡೆಗೆ ಸಣ್ಣದಾಗಿ, ದಾಯ್.

ಆ ಹೆಂಗಸು ನೋಡಿದರು. ಅವರ ಸೊಂಟ ತಾನಾಗಿ ಬಾಗಿತು, ಎರಡೂ ಕೈ ಮಡಿಚಿಕೊಂಡವು. “ಇಂಥ ಚಳೀಲಿ ಅಷ್ಟು ದೂರದಿಂದ ಬಂದ್ರಿ, ತುಂಬ ಉಪಕಾರ ಆಯ್ತು,” ಎಂದು ತಗ್ಗಿದ ದನಿಯಲ್ಲಿ ಹೇಳಿ, ನನ್ನ ಕೈಯಿಂದ ಸಾವಿನ ಮನೆಗೆ ತರುವ ಸಂತಾಪದ ಹಣದ ಲಕೋಟೆ ಸ್ವೀಕರಿಸಲು ತಟ್ಟೆಯನ್ನು ಹುಡುಕಿ, ತಟ್ಟೆಯಿಲ್ಲದ್ದು ಕಂಡು, ಇದು ಪರೀಕ್ಷೆಯ ಬಾಗಿಲೆಂಬುದು ನೆನಪಾಗಿ ಮುಖ ಕೆಂಪು ಮಾಡಿಕೊಂಡರು. ಅಷ್ಟರಲ್ಲಿ ಹದಿನಾಲ್ಕರ ಚೀಟಿ ನನ್ನ ಕೈಯಲ್ಲಿತ್ತು. ದಾಯ್ ಹಾಕಿದವರನ್ನು ಬಾಗಿಲಿನಿಂದ ಹಿಂದೆ ಕಳಿಸುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ನನಗೂ ಅಲ್ಲಿಂದ ಹಿಂದೆ ಬರುವುದನ್ನು ಯಾರೂ ಕಲಿಸಿರಲಿಲ್ಲ. ದಯವಿಟ್ಟು ಅವರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬೇಡಿ. ಅವರು ಮಾಡಿದ್ದು ತಪ್ಪಾದರೆ ನಮ್ಮ ಜಿಲ್ಲೆಯ ಅರವತ್ತು ದಾಟಿದವರನ್ನೆಲ್ಲ ಬಂಧಿಸಬೇಕಾಗುತ್ತದೆ.

ಒಳಗೆ ಪರೀಕ್ಷಕಿ ಇದ್ದರು, ಎದೆಯ ಚೀಟಿಯಲ್ಲಿ ಮೊಯಿರಾ ಎಂದಿತ್ತು. ಎತ್ತರದ, ಮಗ್ಗುಲಿಗೆ ವಾಲಿ ಕೂರುವ ಹೆಂಗಸು. ಕನ್ನಡಕ ಮೂಗಿನ ತುದಿಗೆ ಜಾರುತ್ತಲೇ ಇತ್ತು, ಅವರು ಬೆರಳಿನಿಂದ ಮೇಲೆ ತಳ್ಳುತ್ತಲೇ ಇದ್ದರು. ನನಗೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಕಾಗದ ನೋಡಿ, ನನ್ನನ್ನು ನೋಡಿ, ನೀವು ಕಿನುಯೊ ಅಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಎದ್ದು ನಿಂತೆ. ಇನ್ನೂರ ತೊಂಬತ್ತೆರಡು ದಿನ ತಾವು ಕಲಿಸಿದ್ದು ಒಟ್ಟಿಗೆ ಗಂಟಲಿಗೆ ಬಂತು, ಬಂದದ್ದರಲ್ಲಿ ಯಾವುದು ಪಂಪಿನದು, ಯಾವುದು ವಿಮಾನದ್ದು, ಯಾವುದು ನನ್ನದು ಎಂದು ಆರಿಸುವಷ್ಟು ಪುರುಸೊತ್ತಿರಲಿಲ್ಲ.

“ಆನ್ ಬಿಹಾಫ್ ಆಫ್ ಮೈ ವೈಫ್, ಐ ಆಮ್ ಹಿಯರ್,” ಎಂದೆ. “ಶಿ ಈಸ್ ಡೆಡ್. ಐ ಅಪಾಲಜೈಸ್ ಫಾರ್ ದಿ ಡಿಲೇ.”

ಹೆಂಡತಿಯ ಪರವಾಗಿ ಬಂದಿದ್ದೇನೆ, ಅವಳು ತೀರಿಕೊಂಡಿದ್ದಾಳೆ, ಆಗಿರುವ ವಿಳಂಬಕ್ಕೆ ಕ್ಷಮಿಸಬೇಕು. ತಮ್ಮ ಪಾಠದಲ್ಲಿ ವಿಳಂಬವಾದದ್ದು ವಿಮಾನ. ಇಲ್ಲಿ ಯಾವುದು ವಿಳಂಬವಾಯಿತೆಂದು ನಾನೂ ಬಲ್ಲೆ, ಅವರಿಗೂ ಹೇಗೋ ತಿಳಿಯಿತು. ಮೊಯಿರಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕಿನುಯೊಗೆ ಏನು ಇಷ್ಟವಾಗಿತ್ತು ಎಂದು ಕೇಳಿದರು. ಚಹಾ, ಏಳು ಲೋಟ ಎಂದೆ. ಆ ಕಥೆಯನ್ನು ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ, ಗೊತ್ತಿಲ್ಲದ ಕಡೆ ಓಡುವುದನ್ನೂ ಬಾಗಿಲು ತೆರೆಯುವುದನ್ನೂ ಅಭಿನಯಿಸಿ, ಹೇಳಿ ಮುಗಿಸಿದೆ. ಅವರು ನಕ್ಕು ಕಣ್ಣೊರೆಸಿಕೊಂಡರು, ಅಥವಾ ಕಣ್ಣೊರೆಸಿಕೊಂಡು ನಕ್ಕರು, ಯಾವುದು ಮೊದಲೆಂದು ನೋಡಲಿಲ್ಲ. ನಾನಾಗ ಅವರ ಕನ್ನಡಕ ಕೈಗೆತ್ತಿಕೊಂಡು ಮೂಗಿನ ಮೇಲೆ ಕೂರುವ ಪುಟ್ಟ ಬಿಲ್ಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ಸರಿಪಡಿಸುತ್ತಿದ್ದೆ. ಹಾಕಿಕೊಂಡರು. ಜಾರಲಿಲ್ಲ. ಪರೀಕ್ಷೆ ಮುಗಿಯಿತು.

ಅದರ ಫಲವೇ ತಮ್ಮ ಜನವರಿಯ ಕಾಗದ. ಅಭ್ಯರ್ಥಿ ಅನರ್ಹ, ಇನ್ನೊಬ್ಬರ ಪರವಾಗಿ ಪರೀಕ್ಷೆಗೆ ಕೂರುವುದು ನಿಷಿದ್ಧ, ಖಾತೆ ರದ್ದು. ಜೊತೆಗೆ ಅಂಕಪಟ್ಟಿಯನ್ನೂ ಕಳಿಸಿದ್ದೀರಿ. ಉಚ್ಚಾರಣೆಗೆ ಹತ್ತಕ್ಕೆ ಮೂರು, ವ್ಯಾಕರಣಕ್ಕೆ ನಾಲ್ಕು. ಕೊನೆಯ ಸಾಲು, ‘ಕಲಿತ ನುಡಿಗಟ್ಟನ್ನು ತಕ್ಕ ಸಂದರ್ಭದಲ್ಲಿ ಬಳಸುವುದು’, ಅದಕ್ಕೆ ಹತ್ತಕ್ಕೆ ಹತ್ತು. ಇಷ್ಟು ನ್ಯಾಯವಂತ ಸಂಸ್ಥೆಯನ್ನು ನಾನು ಕಂಡಿಲ್ಲ. ಒಂದೇ ಲಕೋಟೆಯಲ್ಲಿ, ಇನ್ನೊಬ್ಬರ ಪರವಾಗಿ ಎಂಬುದನ್ನು ಪೂರ್ತಿ ಕಲಿತಿದ್ದಾನೆಂದು ಮೆಚ್ಚಿ, ಕಲಿತದ್ದನ್ನು ಮಾಡಿದನೆಂದು ಹೊರಹಾಕಿದ್ದೀರಿ.

ಈಗ ನನ್ನ ಬೇಡಿಕೆಗಳು. ಈ ತಿಂಗಳ ಇಪ್ಪತ್ತನಾಲ್ಕಕ್ಕೆ ಕಿನುಯೊಳ ವರ್ಷದ ತಿಥಿ. ಆ ದಿನ ತಾವೇ ಖುದ್ದಾಗಿ ಬರಬೇಕು. ಟೋಪಿ ತೆಗೆದು, ಹಿರಿಯರ ಗೂಡಿನ ಮುಂದೆ ಮಂಡಿಯೂರಿ, ಮೀನುಗಳನ್ನು ನದಿಗೆ ಬಿಡುತ್ತಿರುವುದಾಗಿ ಅವಳಿಗೇ ಹೇಳಬೇಕು. ತಮ್ಮ ಮಂಡಿ ಎಲ್ಲಿದೆಯೆಂದು ಚಿತ್ರದಲ್ಲಿ ಹುಡುಕಿದೆ, ಕಾಣಲಿಲ್ಲ. ಹೊಟ್ಟೆಯ ಮೇಲೆ ಮಲಗಿದರೂ ನಡೆಯುತ್ತದೆ, ಗುರುಗಳ ಒಪ್ಪಿಗೆ ಪಡೆದಿದ್ದೇನೆ. ತೌಡಿನಲ್ಲಿ ವರ್ಷವಿಡೀ ಹುದುಗಿಸಿಟ್ಟ ಬಂಗುಡೆ ಬಡಿಸುತ್ತೇವೆ, ಕಿನುಯೊಳೇ ಹಾಕಿದ್ದು, ಅವಳ ಕೈಯದು ಇದೇ ಕೊನೆಯ ಪಿಪಾಯಿ. ಬರಲಾಗದಿದ್ದರೆ ತಮ್ಮ ಬದಲಿಗೆ ಇನ್ನೊಬ್ಬರನ್ನು ಕಳಿಸಿ. ಬಾಗಿಲಲ್ಲಿ ಪುಸ್ತಕ ಇಟ್ಟಿರುತ್ತೇನೆ, ಏನು ಬರೆಯಬೇಕೆಂದು ಈಗ ತಮಗೆ ಗೊತ್ತು. ನಾವು ಯಾರನ್ನೂ ಅನರ್ಹರೆಂದು ಹಿಂದೆ ಕಳಿಸುವುದಿಲ್ಲ.

ಇದು ಯಾವುದೂ ಸಾಧ್ಯವಿಲ್ಲವೆಂದಾದರೆ ಒಂದೇ ಮಾತು ಕೇಳುತ್ತೇನೆ. ನಿಯಮ ನಿಯಮವೇ. ನನ್ನವು ಮುನ್ನೂರ ಐವತ್ತೊಂದು ಮೀನು, ಅವನ್ನು ಬಿಟ್ಟುಬಿಡಿ. ಹಾರಲಿ. ನಾನು ದಡದಲ್ಲಿ ನಿಂತು ಚಪ್ಪಾಳೆ ತಟ್ಟುತ್ತೇನೆ. ಅವಳ ಮುನ್ನೂರ ಎಂಬತ್ತೆಂಟು ಅಲ್ಲೇ ಇರಲಿ. ಅದರಲ್ಲೂ ಕೊನೆಯ ಒಂಬತ್ತನ್ನು ಒತ್ತಿದ್ದು ನನ್ನ ಬೆರಳೆಂದು ತಮ್ಮ ಯಂತ್ರ ಪತ್ತೆ ಹಚ್ಚಬಹುದು. ಬೆರಳು ನನ್ನದು, ಕಣ್ಣು ಅವಳದು. ಅವು ಯಾರವೆಂದು ನನಗೆ ಒಂದು ವರ್ಷವಾದರೂ ಗೊತ್ತಾಗಿಲ್ಲ. ತಮಗೆ ಗೊತ್ತಾದರೆ ನನಗೂ ಬರೆದು ತಿಳಿಸಿ.

ಇವತ್ತು ಬೆಳಿಗ್ಗೆ ನಾನು ನನ್ನ ಹೆಸರಿನಲ್ಲೇ ಒಂದು ಖಾತೆ ತೆರೆದೆ. ಮೊದಲ ಪಾಠ, ನನ್ನ ಹೆಸರು ಇಂಥದು ಎಂದು ಹೇಳುವುದು. ಹೇಳಿದೆ. ತಾವು ನನ್ನ ದನಿ ಕೇಳಿ ಇಸಾವೊ-ಸಾನ್, ಹೊಸಬರೇ, ಸ್ವಾಗತ ಎಂದಿರಿ, ನೆಗಡಿಯ ಬಗ್ಗೆ ಏನನ್ನೂ ಕೇಳಲಿಲ್ಲ. ದಡದಲ್ಲಿ ಒಂದು ಮೀನು ಇದೆ. ಅಷ್ಟಗಲದ ದಡದಲ್ಲಿ ಒಂದೇ ಒಂದು. ಅದರ ಪಕ್ಕಕ್ಕೆ ಅವಳ ಮೊಬೈಲನ್ನು ಇಟ್ಟು ಎರಡು ದಡಗಳನ್ನೂ ಸೇರಿಸಿ ನೋಡಿದೆ, ಮಧ್ಯದ ಗೆರೆ ಅಷ್ಟೇನೂ ಕಾಣುವುದಿಲ್ಲ.

ಹಿಮ ಕರಗುವವರೆಗೆ ತಮ್ಮ ಆರೋಗ್ಯ ಕಾಪಾಡಿಕೊಳ್ಳಬೇಕೆಂದು ಪ್ರಾರ್ಥಿಸುತ್ತ,

ತಮ್ಮ ವಿಶ್ವಾಸಿ,
ತಕೆಬೆ ಕಿನುಯೊ
(ಕೆಳಗೆ, ಎಡಗಡೆಗೆ, ಸಣ್ಣದಾಗಿ) ದಾಯ್

ಮರೆತ ಮಾತು: ಈ ಪತ್ರ ಸುತ್ತೋಲೆಯಲ್ಲಿ ಉಮೆದಾ ಅವರ ಮನೆಗೆ ಹೋದಾಗ ಅವರ ತಮ್ಮ, ಅದೇ ಹುಬ್ಬಿನವರು, ಮುದ್ರೆ ಒತ್ತುತ್ತ ಒಂದು ಸಂಗತಿ ಹೇಳಿ ಕಳಿಸಿದ್ದಾರೆ. ಹಳೆಯ ಪಂಚಾಂಗದಲ್ಲಿ ಇದೇ ಫೆಬ್ರವರಿಯ ಹೊತ್ತಿಗೆ ನೀರುನಾಯಿ ಎಡೆಯಿಡುವ ದಿನಗಳು ಬರುತ್ತವಂತೆ. ಹಿಡಿದ ಮೀನುಗಳನ್ನು ತಿನ್ನದೆ ದಡದಲ್ಲಿ ಸಾಲಾಗಿ ಜೋಡಿಸಿ ತನ್ನ ಹಿರಿಯರಿಗೆ ಅರ್ಪಿಸುತ್ತದೆಯಂತೆ. ಈ ನಾಡಿನ ನದಿಗಳಲ್ಲಿ ತಮ್ಮ ಕುಲದವರು ಒಬ್ಬರೂ ಉಳಿದಿಲ್ಲವೆಂದು ಸರ್ಕಾರವೇ ಸಾರಿ ವರ್ಷಗಳಾದವು. ಅಂದಮೇಲೆ ತಾವು ದಿನವೂ ಯಾರ ಪರವಾಗಿ ಮೀನು ಜೋಡಿಸುತ್ತಿದ್ದೀರೆಂಬುದು ನನಗೆ ತಿಳಿಯಿತು, ನನ್ನನ್ನು ಅನರ್ಹಗೊಳಿಸುವಾಗ ತಮ್ಮ ಪಂಜ ಎಷ್ಟು ನಡುಗಿರಬೇಕೆಂಬುದೂ ತಿಳಿಯಿತು. ಕಂಪನಿಯ ಪರವಾಗಿ ತಾವು ಆ ಕಾಗದಕ್ಕೆ ಸಹಿ ಹಾಕಿದ್ದೀರಿ, ಆದರೆ ಸಹಿಯ ಕೆಳಗೆ ಎಡಗಡೆಗೆ ಹಾಕಬೇಕಾದ ಆ ಸಣ್ಣ ಅಕ್ಷರವನ್ನು ಮರೆತಿದ್ದೀರಿ. ಮರ್ಯಾದೆ ತಪ್ಪಬಾರದೆಂದು ತಮ್ಮ ಬದಲಿಗೆ ನಾನೇ ಹಾಕಿದ್ದೇನೆ. ಕಾಗದವನ್ನು ಇದರ ಜೊತೆ ಹಿಂದಿರುಗಿಸಿದೆ.